ಬಾಟಲಿಯ ಲೇಬಲ್ ಓದಿದಿರಾ?

ಪ್ರಶ್ನೆ: ಮೇಡಂ, ನಾನು ಹಾವೇರಿ ಕಡೆಯವಳು. ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಪಿಎಚ್‌ಡಿಗೆ ಸೇರಿ ಹದಿನಾಲ್ಕು ತಿಂಗಳಾಯಿತು. ಕ್ಯಾನ್ಸರ್ ಕೋಶದ ಗ್ಲೈಕೋಲಿಸಿಸ್ (ಗ್ಲುಕೋಸ್ ಒಡೆದು ಶಕ್ತಿ ಮಾಡಿಕೊಳ್ಳುವ ದಾರಿ) ತಡೆದರೆ ನಮ್ಮ ರೋಗನಿರೋಧಕ ಪಡೆಯ ಟಿ ಕೋಶಗಳು ಅದನ್ನು ಜಾಸ್ತಿ ಕೊಲ್ಲುತ್ತವಾ ಅಂತ ನೋಡುವುದು ನನ್ನ ಕೆಲಸ. ಓವಾ ಅನ್ನುವ ಮೊಟ್ಟೆ ಪ್ರೋಟೀನ್ ಇರುವ ಬಿ16 ಮೆಲನೋಮ (ಇಲಿಯ ಚರ್ಮದ ಕ್ಯಾನ್ಸರ್) ಕೋಶಗಳಿಗೆ ಗ್ಲೈಕೋಲಿಸಿಸ್ ತಡೆಯುವ 2-ಡಿಜಿ ಹಾಕಿ, ಆ ಓವಾವನ್ನು ಗುರುತಿಸುವ ಓಟಿ-1 ಇಲಿಯ ಟಿ ಕೋಶಗಳ ಜೊತೆ ಬೆಳೆಸಿ, ಕೊನೆಗೆ ಎಷ್ಟು ಕೋಶ ಬದುಕಿವೆ ಅಂತ ನೋಡಲು ಎಂಟಿಟಿ ಅನ್ನುವ ಬಣ್ಣದ ಟೆಸ್ಟ್ ಮಾಡ್ತೀನಿ. ಮೊದಲ ಮೂರು ಸಲ ತುಂಬಾ ಚೆನ್ನಾಗಿ ಬಂತು. ನಾಲ್ಕನೇ ಸಲದಿಂದ ಏನೂ ಇಲ್ಲ, ಆರು ತಿಂಗಳಾಯಿತು. ನಡುವೆ ಕೋಶ ಬೆಳೆಸುವ ಮೀಡಿಯಾ ಡಿಎಂಇಎಂ, ಅದಕ್ಕೆ ಬೆರೆಸುವ ಸೀರಮ್ ಹೊಸ ಸ್ಟಾಕ್ ಬಂತು, ಅಷ್ಟು ಬಿಟ್ಟರೆ ಏನೂ ಬದಲಾಗಿಲ್ಲ. ಗೈಡ್ "ನಿನ್ನ ಕೈ ಸರಿಯಿಲ್ಲ" ಅಂತಾರೆ. ಮೆಟಬಾಲಿಸಂ, ಇಮ್ಯುನಾಲಜಿ, ಕ್ಯಾನ್ಸರ್ ಮೂರನ್ನೂ ಅರ್ಧಂಬರ್ಧ ಕಲಿತು ಎಲ್ಲೂ ಸಲ್ಲದವಳಾಗ್ತೀನಾ ಅಂತ ಭಯ ಬೇರೆ. ವಿಷಯ ಬದಲಿಸಲಾ? ಇನ್ನೊಂದು ಮಾತು. ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್. "ಸಕ್ಕರೆ ಪೂರ್ತಿ ಬಿಟ್ರೆ ಗಡ್ಡೆ ಸಾಯುತ್ತಂತೆ, ನೀನು ಅದನ್ನೇ ಓದ್ತಿದ್ದೀಯಲ್ಲ" ಅಂತ ಮನೆಯಲ್ಲಿ ಕೇಳ್ತಾರೆ. ಏನು ಹೇಳಲಿ?

ಉತ್ತರ: "ಅಷ್ಟು ಬಿಟ್ಟರೆ ಏನೂ ಬದಲಾಗಿಲ್ಲ" ಅಂದಿರಲ್ಲ, ಅಲ್ಲೇ ಸಿಕ್ಕಿಬಿದ್ದಿರಿ. ಮನೆಯಲ್ಲಿ ಊಟ ಒಂದು ಬದಲಾಯಿತು, ಅಷ್ಟು ಬಿಟ್ಟರೆ ಎಲ್ಲ ಹಾಗೇ ಇದೆ, ಆದರೂ ಯಾಕೋ ಎಲ್ಲರಿಗೂ ಹೊಟ್ಟೆ ನೋವು ಅಂದ ಹಾಗಾಯಿತು. ಬೇರೆ ವಿಷಯದ ಲ್ಯಾಬ್‌ಗಳಲ್ಲಿ ಮೀಡಿಯಾ ಅಂದರೆ ಕೋಶ ಬದುಕಿರಲಿ ಅಂತ ಹಾಕುವ ಕೆಂಪು ನೀರು, ಅಷ್ಟೇ. ನಿಮ್ಮ ವಿಷಯದಲ್ಲಿ ಹಾಗಲ್ಲ. ಕೋಶ ಏನು ತಿನ್ನುತ್ತೆ ಅನ್ನೋದೇ ನಿಮ್ಮ ಪ್ರಶ್ನೆ. ಹಾಗಾಗಿ ಆ ಬಾಟಲಿಯೇ ನಿಮ್ಮ ಪ್ರಯೋಗ.

ಈಗ ಎದ್ದು ಹೋಗಿ ಫ್ರಿಜ್ ತೆಗೆದು ಲೇಬಲ್ ನೋಡಿ. ಡಿಎಂಇಎಂ ಹೆಚ್ಚಾಗಿ ಎರಡು ಥರ ಬರುತ್ತೆ. ಒಂದರಲ್ಲಿ ಲೀಟರಿಗೆ 1 ಗ್ರಾಂ ಗ್ಲುಕೋಸ್, ಇನ್ನೊಂದರಲ್ಲಿ 4.5 ಗ್ರಾಂ. ಬಾಟಲಿ ಒಂದೇ ಥರ, ಬಣ್ಣ ಒಂದೇ ಥರ, ವ್ಯತ್ಯಾಸ ಇರೋದು ಸಣ್ಣ ಅಕ್ಷರದಲ್ಲಿ. ಆರ್ಡರ್ ಹಾಕುವವರು ಯಾವುದು ಸ್ಟಾಕ್‌ನಲ್ಲಿತ್ತೋ ಅದನ್ನು ತರಿಸಿರುತ್ತಾರೆ, ಅವರ ತಪ್ಪೂ ಅಲ್ಲ. ಮೊದಲನೆಯದು ನಮ್ಮ ರಕ್ತದ ಲೆಕ್ಕದಲ್ಲಿ ಶುಗರ್ 100. ಎರಡನೆಯದು 450. ಶುಗರ್ 450 ಇರುವ ಮನುಷ್ಯ ಕ್ಲಿನಿಕ್ಕಿಗೆ ಬಂದರೆ ಡಾಕ್ಟರ್ ಸುಮ್ನೆ ಕಳಿಸೋದಿಲ್ಲ. ನಾವು ಮಾತ್ರ ಅದೇ ದ್ರವದಲ್ಲಿ ವರ್ಷಗಟ್ಟಲೆ ಕೋಶ ಸಾಕಿ, ಇವು ಗ್ಲುಕೋಸ್ ಸಿಗದೆ ಹೇಗೆ ಬದುಕುತ್ತವೆ ಅಂತ ಪೇಪರ್ ಬರೆಯುತ್ತೇವೆ.

ನಿಮಗೆ ಇದು ಯಾಕೆ ಇಷ್ಟು ಮುಖ್ಯ ಅಂದರೆ, 2-ಡಿಜಿ ಗ್ಲುಕೋಸ್‌ನ ವೇಷ ಹಾಕಿಕೊಂಡು ಬರುವ ಅಣು. ಗ್ಲುಕೋಸ್ ಒಳಗೆ ಹೋಗುವ ಬಾಗಿಲಲ್ಲೇ ಹೋಗುತ್ತೆ, ಹೆಕ್ಸೋಕೈನೇಸ್ ಕಿಣ್ವ ಅದಕ್ಕೂ ಫಾಸ್ಫೇಟ್ ಅಂಟಿಸುತ್ತೆ, ಆಮೇಲೆ ಅದು ಮುಂದಕ್ಕೆ ಹೋಗದೆ ಅಲ್ಲೇ ಸಿಕ್ಕಿಕೊಂಡು ದಾರಿ ಕಟ್ಟುತ್ತೆ. ಅಂದರೆ ಅದು ಗ್ಲುಕೋಸ್ ಜೊತೆ ಪೈಪೋಟಿ ಮಾಡಿ ಗೆಲ್ಲಬೇಕು. ನೀವು ಎಷ್ಟು ಹಾಕ್ತೀರಿ ಅಂತ ಬರೆದಿಲ್ಲ. 5 ಮಿಲಿಮೋಲಾರ್ ಅಂದುಕೊಳ್ಳೋಣ. ಕಡಿಮೆ ಗ್ಲುಕೋಸ್ ಬಾಟಲಿಯಲ್ಲಿ ಗ್ಲುಕೋಸ್ ಇರೋದು ಸುಮಾರು 5.5. ಜೋಡಿ ಸರಿಸಮ. ಇನ್ನೊಂದು ಬಾಟಲಿಯಲ್ಲಿ 25. ಒಬ್ಬನಿಗೆ ಐದು ಜನ. ಅದೇ ಔಷಧ, ಅದೇ ಪ್ರಮಾಣ, ಅದೇ ಕೈ, ಫಲಿತಾಂಶ ಮಾತ್ರ ಬೇರೆ. ನಿಮ್ಮ ಮೊದಲ ಮೂರು ಸಲದ ಬಾಟಲಿ ಯಾವುದು ಅಂತ ನೋಟ್‌ಬುಕ್‌ನಲ್ಲಿ ಇದೆಯಾ? ಬರೀ "ಡಿಎಂಇಎಂ + 10% ಸೀರಮ್" ಅಂತ ಬರೆದಿರುತ್ತೀರಿ ಅಂತ ನನ್ನ ಊಹೆ. ನಾನೂ ಹಾಗೇ ಬರೆಯುತ್ತಿದ್ದೆ. ಕ್ಯಾಟಲಾಗ್ ನಂಬರ್, ಲಾಟ್ ನಂಬರ್, ಬಾಟಲಿ ತೆರೆದ ದಿನ, ಈ ಮೂರು ಇವತ್ತಿನಿಂದ ಬರೆಯಿರಿ. ಹಳೆಯದು ಬೇಕಾದರೆ ಸ್ಟೋರ್‌ನ ಬಿಲ್ ಹುಡುಕಿ, ಅಲ್ಲಿ ಕ್ಯಾಟಲಾಗ್ ನಂಬರ್ ಇದ್ದೇ ಇರುತ್ತೆ.

ಈಗ ಟಿ ಕೋಶದ ಕಡೆ. ಅವನ್ನು ನೀವು ಬಹುಶಃ ಇನ್ನೊಂದು ಮೀಡಿಯಾ ಆರ್‌ಪಿಎಂಐನಲ್ಲಿ ಬೆಳೆಸಿರುತ್ತೀರಿ, ಎಲ್ಲರೂ ಹಾಗೇ ಮಾಡೋದು. ಆ ಮೀಡಿಯಾ ಹುಟ್ಟಿದ್ದು ಅಮೆರಿಕದ ಬಫಲೋ ಊರಿನ ರಾಸ್‌ವೆಲ್ ಪಾರ್ಕ್ ಸಂಸ್ಥೆಯಲ್ಲಿ, 1960ರ ದಶಕದಲ್ಲಿ. ಹೆಸರಿನಲ್ಲಿರೋದು ಆ ಸಂಸ್ಥೆಯ ಮೊದಲಕ್ಷರಗಳೇ. ಅದರಲ್ಲಿ ಗ್ಲುಕೋಸ್ ಲೀಟರಿಗೆ 2 ಗ್ರಾಂ, ಅಂದರೆ ಶುಗರ್ 200. ಗ್ಲುಟಮಿನ್ ಅನ್ನುವ ಅಮೈನೋ ಆಸಿಡ್ ರಕ್ತದಲ್ಲಿ ಇರುವುದಕ್ಕಿಂತ ಮೂರು ನಾಲ್ಕು ಪಟ್ಟು. ಇನ್ನೊಂದು ಅಮೈನೋ ಆಸಿಡ್ ಆರ್ಜಿನೀನ್ ಸುಮಾರು ಹತ್ತು ಪಟ್ಟು. ಆಗಿನವರಿಗೆ ಬೇಕಿದ್ದದ್ದು ಕೋಶ ಬೇಗ ಬೆಳೆಯೋದು, ಅದಕ್ಕೆ ತಕ್ಕ ಹಾಗೆ ಧಾರಾಳವಾಗಿ ಹಾಕಿದರು. ರಕ್ತವನ್ನು ಅನುಕರಿಸುತ್ತೇವೆ ಅಂತ ಅವರೇನೂ ಹೇಳಿರಲಿಲ್ಲ. ಈಗ ನಿಮ್ಮ ಪ್ರಯೋಗದಲ್ಲಿ 200ರ ಮನೆಯಲ್ಲಿ ಬೆಳೆದ ಟಿ ಕೋಶ, 450ರ ಮನೆಯಲ್ಲಿ ಬೆಳೆದ ಗಡ್ಡೆ ಕೋಶ, ಎರಡನ್ನೂ ಪ್ಲೇಟಿನ ಒಂದೇ ಬಾವಿಗೆ (ಕೋಶ ಹಾಕುವ ಸಣ್ಣ ಗುಳಿಗೆ) ಇಳಿಸುತ್ತೀರಿ. ಆ ಬಾವಿಯಲ್ಲಿ ಯಾವ ಮೀಡಿಯಾ? ಪ್ರೋಟೋಕಾಲ್‌ನಲ್ಲಿ ಇದನ್ನು ಯಾರೂ ಬರೆಯೋದಿಲ್ಲ. ಅರ್ಧ ಅರ್ಧ ಬೆರೆಸಿ ಹಾಕಿದವರನ್ನೂ ನೋಡಿದ್ದೇನೆ.

ಒಂದು ಕೆಲಸ ಮಾಡಿ, ಖರ್ಚು ಕಡಿಮೆ. ಮನೆಯಲ್ಲಿ ಶುಗರ್ ನೋಡುವ ಗ್ಲುಕೋಮೀಟರ್ ಇರುತ್ತಲ್ಲ, ಅದೊಂದನ್ನೂ ಒಂದು ಡಬ್ಬಿ ಸ್ಟ್ರಿಪ್ಪನ್ನೂ ಮೆಡಿಕಲ್ ಶಾಪಿನಿಂದ ತನ್ನಿ. ಮೊದಲು ಗ್ಲುಕೋಸ್ ಇಲ್ಲದ ಮೀಡಿಯಾಕ್ಕೆ ನೀವೇ ತೂಗಿ ಗ್ಲುಕೋಸ್ ಹಾಕಿ ಐದಾರು ಪ್ರಮಾಣದ ಟ್ಯೂಬ್ ಮಾಡಿಕೊಳ್ಳಿ, ಪ್ರತಿಯೊಂದರ ಹನಿ ಸ್ಟ್ರಿಪ್ಪಿಗೆ ಇಟ್ಟು ಮೀಟರ್ ಏನು ತೋರಿಸುತ್ತೆ ಬರೆದುಕೊಳ್ಳಿ, ಯಾಕೆಂದರೆ ಸ್ಟ್ರಿಪ್ ಮಾಡಿರೋದು ರಕ್ತಕ್ಕೆ, ಮೀಡಿಯಾಕ್ಕೆ ಅಲ್ಲ, ಅಂಕಿ ಆಚೀಚೆ ಬರುತ್ತೆ, ನಿಮ್ಮದೇ ಗ್ರಾಫ್ ಇದ್ದರೆ ಸರಿಹೋಗುತ್ತೆ. 2-ಡಿಜಿ ಇರುವ ಬಾವಿಗಳಿಗೆ ಮಾತ್ರ ಇದನ್ನು ನಂಬಬೇಡಿ, ಕೆಲವು ಸ್ಟ್ರಿಪ್‌ಗಳ ಕಿಣ್ವ ಅದನ್ನೂ ಗ್ಲುಕೋಸ್ ಅಂದುಕೊಳ್ಳಬಹುದು. ಔಷಧ ಹಾಕದ ಬಾವಿಗಳಲ್ಲಿ 0, 6, 12, 24 ಗಂಟೆಗೆ ಅಳೆಯಿರಿ. ಬರೀ ಗಡ್ಡೆ ಕೋಶ, ಬರೀ ಟಿ ಕೋಶ, ಎರಡೂ ಸೇರಿದ್ದು. ಒಂದು ದಿನದಲ್ಲಿ ಯಾವ ಬಾವಿಯ ಊಟ ಮುಗಿಯುತ್ತೆ ಅನ್ನೋದು ಕಣ್ಣಿಗೆ ಕಾಣುತ್ತೆ. ಮೀಟರೂ ಬೇಡ ಅಂದರೆ ಬಣ್ಣ ನೋಡಿ. ಸಂಜೆ ಕೆಂಪಗಿದ್ದ ಪ್ಲೇಟ್ ಬೆಳಿಗ್ಗೆ ಇನ್‌ಕ್ಯುಬೇಟರ್‌ನಿಂದ ತೆಗೆದಾಗ ಹಳದಿಯಾಗಿರುತ್ತಲ್ಲ, ಅದು ಲ್ಯಾಕ್ಟಿಕ್ ಆಸಿಡ್. ಮೀಡಿಯಾದಲ್ಲಿರುವ ಫೀನಾಲ್ ರೆಡ್ ಹುಳಿಗೆ ಹಳದಿಯಾಗುತ್ತೆ. ಬರ್ಲಿನ್‌ನಲ್ಲಿ ಒಟ್ಟೋ ವಾರ್ಬರ್ಗ್ 1920ರ ದಶಕದಲ್ಲಿ ಗಡ್ಡೆಯ ತೆಳು ಹೋಳುಗಳನ್ನು ಇಟ್ಟುಕೊಂಡು ಅಳೆದದ್ದೂ ಇದನ್ನೇ. ಆಕ್ಸಿಜನ್ ಬೇಕಾದಷ್ಟು ಇದ್ದರೂ ಗಡ್ಡೆ ಗ್ಲುಕೋಸನ್ನು ಲ್ಯಾಕ್ಟಿಕ್ ಆಸಿಡ್ ಮಾಡಿ ಹೊರಗೆ ಚೆಲ್ಲುತ್ತೆ. ನೀವು ದಿನಾ ಸಿಂಕಿಗೆ ಸುರಿಯುವ ಆ ಹಳದಿ ನೀರಿನಲ್ಲಿ ನಿಮ್ಮ ಥೀಸಿಸ್‌ನ ಅರ್ಧ ಇದೆ.

ವಾರ್ಬರ್ಗ್ ಅಳೆದದ್ದು ಸರಿ, ಕಾರಣ ಹೇಳಿದ್ದು ಬಹುಪಾಲು ತಪ್ಪು. ಕ್ಯಾನ್ಸರ್ ಕೋಶದ ಉಸಿರಾಟವೇ ಕೆಟ್ಟಿದೆ ಅಂದರು. ಹೆಚ್ಚಿನ ಗಡ್ಡೆಗಳಲ್ಲಿ ಮೈಟೋಕಾಂಡ್ರಿಯಾ ಚೆನ್ನಾಗೇ ಕೆಲಸ ಮಾಡುತ್ತೆ. ಅದೂ ಅಲ್ಲದೆ, ಹೀಗೆ ಮಾಡೋದು ಕ್ಯಾನ್ಸರ್ ಕೋಶ ಒಂದೇ ಅಲ್ಲ. ನಿಮ್ಮ ಟಿ ಕೋಶವನ್ನು ಎಬ್ಬಿಸಿದರೆ ಅದೂ ಇದನ್ನೇ ಮಾಡುತ್ತೆ. ಹಾಗಾದರೆ 2-ಡಿಜಿ ಹಾಕಿದಾಗ ಉಪವಾಸ ಬೀಳೋದು ಯಾರು? ಕಳ್ಳನೂ ಬೀಳುತ್ತಾನೆ, ಪೊಲೀಸೂ ಬೀಳುತ್ತಾನೆ. 2013ರಲ್ಲಿ ಒಂದು ಚೆಂದದ ಕೆಲಸ ಬಂತು. ಗ್ಲೈಕೋಲಿಸಿಸ್‌ನಲ್ಲಿ ಕೆಲಸ ಮಾಡುವ ಜಿಎಪಿಡಿಎಚ್ ಅನ್ನುವ ಕಿಣ್ವಕ್ಕೆ ಕೆಲಸವಿಲ್ಲದಾಗ ಅದು ಸುಮ್ಮನೆ ಕೂರೋದಿಲ್ಲ, ಇಂಟರ್‌ಫೆರಾನ್ ಗಾಮಾ ಮಾಡುವ ಎಂಆರ್‌ಎನ್‌ಎ ಮೇಲೆ ಹೋಗಿ ಕೂತು ಅದನ್ನು ಓದಲು ಬಿಡೋದಿಲ್ಲ. ಗ್ಲುಕೋಸ್ ಸಿಕ್ಕರೆ ಕಿಣ್ವ ಎದ್ದು ತನ್ನ ಕೆಲಸಕ್ಕೆ ಹೋಗುತ್ತೆ, ಟಿ ಕೋಶ ಆಯುಧ ಮಾಡುತ್ತೆ. (ಅಂದ ಹಾಗೆ ನಿಮ್ಮ ವೆಸ್ಟರ್ನ್ ಬ್ಲಾಟ್‌ನಲ್ಲಿ ಲೋಡಿಂಗ್ ಕಂಟ್ರೋಲ್ ಜಿಎಪಿಡಿಎಚ್ ಆಗಿದ್ದರೆ ಇವತ್ತೇ ಬದಲಿಸಿ. ಟಿ ಕೋಶ ಎದ್ದಾಗ ಜಾಸ್ತಿಯಾಗುವ ಪ್ರೋಟೀನನ್ನೇ "ಬದಲಾಗದ" ಅಳತೆಗೋಲು ಮಾಡಿಕೊಂಡರೆ ತಕ್ಕಡಿಯ ಕಲ್ಲನ್ನೇ ನೆನೆಸಿ ತೂಗಿದ ಹಾಗೆ.)

2-ಡಿಜಿಗೆ ಇನ್ನೊಂದು ಕೆಟ್ಟ ಚಾಳಿ ಇದೆ. ನೋಡಲು ಮ್ಯಾನೋಸ್ ಅನ್ನುವ ಇನ್ನೊಂದು ಸಕ್ಕರೆಯ ಥರವೂ ಇರೋದರಿಂದ ಪ್ರೋಟೀನ್‌ಗಳಿಗೆ ಸಕ್ಕರೆ ಸರಪಳಿ ಅಂಟಿಸುವ ಕೆಲಸವನ್ನೂ ಕೆಡಿಸುತ್ತೆ. ಕೋಶದ ಮೈಮೇಲಿನ ಪ್ರೋಟೀನ್‌ಗಳೇ ಬದಲಾದರೆ ಟಿ ಕೋಶ ಅದನ್ನು ಬೇರೆ ಥರ ನೋಡಬಹುದು. ಹಾಗಾಗಿ ನಿಮ್ಮ ಮೊದಲ ಮೂರು "ಚೆನ್ನಾಗಿ ಬಂದ" ಸಲವೂ ನೀವಂದುಕೊಂಡ ಕಾರಣಕ್ಕೇ ಬಂದಿತ್ತು ಅನ್ನೋ ಗ್ಯಾರಂಟಿ ಇಲ್ಲ. ಒಂದು ಬಾವಿಗೆ ಹೆಚ್ಚುವರಿ ಗ್ಲುಕೋಸ್ ಹಾಕಿ, ಇನ್ನೊಂದಕ್ಕೆ ಸ್ವಲ್ಪ ಮ್ಯಾನೋಸ್. ಗ್ಲುಕೋಸ್‌ಗೆ ಪರಿಣಾಮ ಮಾಯವಾದರೆ ಒಂದು ಕಥೆ, ಸ್ವಲ್ಪವೇ ಮ್ಯಾನೋಸ್‌ಗೆ ಮಾಯವಾದರೆ ಬೇರೆ ಕಥೆ, ಆ ಸಕ್ಕರೆ ಸರಪಳಿಯದ್ದು. ಗಡ್ಡೆ ಕೋಶಕ್ಕೆ ಮಾತ್ರ ಔಷಧ ಕೊಟ್ಟು, ತೊಳೆದು, ಆಮೇಲೆ ಟಿ ಕೋಶ ಸೇರಿಸಿದ ಬಾವಿಯೂ ಇರಲಿ. ಮುಂದೆ ಔಷಧ ಬಿಟ್ಟು ಜೀನ್ ತೆಗೆಯೋದಕ್ಕೆ ಹೋಗಿ, ಆದರೆ ಅಲ್ಲೂ ಹುಷಾರು. ಲ್ಯಾಕ್ಟೇಟ್ ಮಾಡುವ ಎಲ್‌ಡಿಎಚ್ ಕಿಣ್ವದ ಎ ರೂಪ ಒಂದನ್ನೇ ತೆಗೆದರೆ ನಿಮ್ಮದೇ ಬಿ16 ಕೋಶಗಳು ಬಿ ರೂಪದಿಂದ ಕೆಲಸ ಸಾಗಿಸಿಕೊಳ್ಳುತ್ತವೆ, ಎರಡನ್ನೂ ತೆಗೆದರಷ್ಟೇ ಲ್ಯಾಕ್ಟೇಟ್ ನಿಲ್ಲುತ್ತೆ ಅಂತ 2018ರಲ್ಲೇ ತೋರಿಸಿದ್ದಾರೆ. ಜರ್ಮನಿಯ ರೇಗೆನ್ಸ್‌ಬುರ್ಗ್‌ನವರ 2016ರ ಕೆಲಸವನ್ನೂ ಓದಿ. ಎಲ್‌ಡಿಎಚ್-ಎ ಕಡಿಮೆ ಮಾಡಿದ ಮೆಲನೋಮ ಸಾಮಾನ್ಯ ಇಲಿಯಲ್ಲಿ ನಿಧಾನ ಬೆಳೆಯಿತು, ಟಿ ಕೋಶ, ಎನ್‌ಕೆ ಕೋಶ ಇಲ್ಲದ ಇಲಿಯಲ್ಲಿ ಆ ವ್ಯತ್ಯಾಸವೇ ಉಳಿಯಲಿಲ್ಲ. ನಿಮ್ಮ ಪ್ರಶ್ನೆಗೆ ಅದಕ್ಕಿಂತ ಹತ್ತಿರದ ಸಂಬಂಧಿ ಇಲ್ಲ.

ಎಂಟಿಟಿ. ಇದರ ಬಗ್ಗೆ ನನಗೆ ಸಿಟ್ಟೇ ಇದೆ. ಹಳದಿ ಪುಡಿ ಕೋಶದೊಳಗೆ ಹೋಗಿ ನೇರಳೆ ಹರಳಾಗೋದು ಕೋಶದ ಚಯಾಪಚಯದಿಂದ, ಅದರಲ್ಲಿರುವ ಎನ್‌ಎಡಿಎಚ್‌ನಂಥ ಅಣುಗಳಿಂದ. ಬದುಕಿದ ಕೋಶ ಇಷ್ಟು ಅಂತ ಅದು ಎಣಿಸೋದಿಲ್ಲ. ನೀವು ಚಯಾಪಚಯ ತಗ್ಗಿಸುವ ಔಷಧವನ್ನೇ ಹಾಕಿದ್ದೀರಿ. ಕೋಶ ಸಾಯದಿದ್ದರೂ ನೇರಳೆ ಕಡಿಮೆಯಾಗುತ್ತೆ, ನೀವು "ಸತ್ತವು" ಅಂತ ಬರೆಯುತ್ತೀರಿ. ಮೇಲಿನಿಂದ ಅದೇ ಬಾವಿಯಲ್ಲಿ ಟಿ ಕೋಶಗಳೂ ಇವೆ, ಅವೂ ನೇರಳೆ ಮಾಡುತ್ತವೆ. ಎರಡೂ ಸೇರಿದ ಒಂದು ಬಣ್ಣದಿಂದ ಯಾರು ಯಾರನ್ನು ಕೊಂದರು ಅಂತ ಹೇಗೆ ಹೇಳೋದು? ಲೂಸಿಫೆರೇಸ್‌ಗೆ ಹೋದರೂ ಬೆಳಕು ಕೊಡುವ ಆ ಕಿಣ್ವಕ್ಕೆ ಕೋಶದ ಶಕ್ತಿಯ ಅಣು ಎಟಿಪಿ ಬೇಕು, ಅಲ್ಲೂ ಇದೇ ರಗಳೆ. ಗಡ್ಡೆ ಕೋಶಕ್ಕೆ ಮೊದಲೇ ಒಂದು ಬಣ್ಣ ಹಚ್ಚಿ, ಸತ್ತದ್ದಕ್ಕೆ ಅಂಟುವ ಇನ್ನೊಂದು ಬಣ್ಣ ಹಾಕಿ, ಎಣಿಕೆ ಮಣಿಗಳ ಜೊತೆ, ಕೋಶಗಳನ್ನು ಒಂದೊಂದಾಗಿ ಬಣ್ಣ ನೋಡಿ ಎಣಿಸುವ ಫ್ಲೋ ಸೈಟೋಮೀಟರ್‌ನಲ್ಲಿ ಓಡಿಸಿ. ಒಂದು ಮಧ್ಯಾಹ್ನ ಹೋಗುತ್ತೆ, ಹೋಗಲಿ.

ಇಷ್ಟೆಲ್ಲ ಮಾಡುವ ಮೊದಲು ಮೈಕೋಪ್ಲಾಸ್ಮಾ ಟೆಸ್ಟ್ ಮಾಡಿಸಿ, ಅದು ಸಾಕಿದ ಕೋಶಗಳ ಜೊತೆ ಸದ್ದಿಲ್ಲದೆ ಸೇರಿಕೊಳ್ಳುವ ಅತಿ ಸಣ್ಣ ಬ್ಯಾಕ್ಟೀರಿಯಾ. ಇದನ್ನು ಮೊದಲೇ ಹೇಳಬೇಕಿತ್ತು, ಆದರೆ ಹೇಳಲು ಈಗಲೂ ನಾಚಿಕೆ. ಪಿಎಚ್‌ಡಿಯ ಎರಡನೇ ವರ್ಷದಲ್ಲಿ ನನ್ನ ಕೋಶಗಳು ಆರ್ಜಿನೀನ್ ಇಲ್ಲದೆ ಒದ್ದಾಡುತ್ತಿದ್ದವು. ಯಾವ ಪುಸ್ತಕದಲ್ಲೂ ಇರದ ಹಸಿವು. ಎಂಟು ತಿಂಗಳು ಅದರ ಹಿಂದೆ ಬಿದ್ದೆ. ಲ್ಯಾಬ್ ಮೀಟಿಂಗ್‌ನಲ್ಲಿ ಸ್ಲೈಡ್ ಹಾಕಿ ಬೀಗಿದ್ದೂ ಆಯಿತು. ಒಂದು ಸಂಜೆ ಸೀನಿಯರ್ ಒಬ್ಬರು ನನ್ನ ಕೋಶಗಳಿಗೆ ಡಿಎನ್ಎಗೆ ಅಂಟುವ ಹೆಕ್ಸ್ಟ್ ಬಣ್ಣ ಹಾಕಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟು, ಏನೂ ಮಾತಾಡದೆ ಕುರ್ಚಿ ಬಿಟ್ಟುಕೊಟ್ಟರು. ನೀಲಿ ನ್ಯೂಕ್ಲಿಯಸ್‌ಗಳು ದುಂಡಗೆ ಚೆನ್ನಾಗಿದ್ದವು. ಅವುಗಳ ಸುತ್ತ, ಕತ್ತಲಿರಬೇಕಾದ ಜಾಗದಲ್ಲಿ, ರಾಗಿ ಚೆಲ್ಲಿದ ಹಾಗೆ ಸಣ್ಣ ಸಣ್ಣ ನೀಲಿ ಚುಕ್ಕಿ. ಆರ್ಜಿನೀನ್ ತಿನ್ನುತ್ತಿದ್ದದ್ದು ಆ ಚುಕ್ಕಿಗಳು. ಕೆಲವು ಮೈಕೋಪ್ಲಾಸ್ಮಾ ಜಾತಿಗಳಿಗೆ ಆರ್ಜಿನೀನೇ ಊಟ. ಅವುಗಳಿಗೆ ಕೋಶಭಿತ್ತಿ ಇಲ್ಲ, ಹಾಗಾಗಿ ಪೆನಿಸಿಲಿನ್ ತಾಗೋದಿಲ್ಲ. ನಾವು ನಂಬಿಕೊಂಡ 0.22 ಮೈಕ್ರಾನ್ ಫಿಲ್ಟರ್‌ನಲ್ಲೂ ನುಸುಳುತ್ತವೆ. ಬೇರೆ ಬ್ಯಾಕ್ಟೀರಿಯಾ ಬಂದ ಹಾಗೆ ಮೀಡಿಯಾ ಕದಡೋದಿಲ್ಲ, ವಾಸನೆ ಬರೋದಿಲ್ಲ. ಬೇರೆ ವಿಷಯದವರು ಇದನ್ನು ಸಹಿಸಿಕೊಂಡು ಹೇಗೋ ಪೇಪರ್ ಮಾಡಿಬಿಡುತ್ತಾರೆ. ನಮಗೆ ಆಗೋದಿಲ್ಲ, ಅದು ತಿನ್ನೋದು ನಾವು ಅಳೆಯುವುದನ್ನೇ. ತಿಂಗಳಿಗೊಮ್ಮೆ ಪಿಸಿಆರ್ ಮಾಡಿ. ಬ್ಯಾಂಡ್ ಬಂದರೆ ಕೋಶಗಳನ್ನು ಉಳಿಸುವ ಆಸೆ ಬಿಡಿ, ಆಟೋಕ್ಲೇವ್ ಮಾಡಿ ಎಸೆಯಿರಿ, ಹಳೆಯ ಶುದ್ಧ ವಯಲ್ ತೆಗೆಯಿರಿ, ಮತ್ತು ಪಕ್ಕದ ಲ್ಯಾಬ್‌ನವರಿಗೂ ಹೇಳಿ. ಮುಚ್ಚಿಟ್ಟರೆ ಒಂದೇ ಇನ್‌ಕ್ಯುಬೇಟರ್‌ನಲ್ಲಿ ಊರೆಲ್ಲ ಹಬ್ಬುತ್ತೆ.

ಸೀರಮ್ ವಿಷಯ ಬೇಗ ಮುಗಿಸುತ್ತೇನೆ. ಲಾಟ್‌ನಿಂದ ಲಾಟ್‌ಗೆ ಬೇರೆ ಇರುತ್ತೆ, ಅದರೊಳಗೂ ಗ್ಲುಕೋಸ್, ಅಮೈನೋ ಆಸಿಡ್, ಹಾರ್ಮೋನ್ ಇರುತ್ತೆ. ಊಟ ಅಳೆಯುವ ಪ್ರಯೋಗಕ್ಕೆ ಡಯಾಲಿಸಿಸ್ ಮಾಡಿ ಇಂಥ ಸಣ್ಣ ಅಣುಗಳನ್ನು ತೆಗೆದ ಸೀರಮ್ ವಾಸಿ. ಹೊಸ ಲಾಟ್ ಬಂದಾಗ ಹಳೆಯದು ಮುಗಿಯುವ ಮುನ್ನ ಎರಡನ್ನೂ ಅಕ್ಕಪಕ್ಕ ಒಂದು ಸಲ ಓಡಿಸಿ. ತಿಂಗಳುಗಟ್ಟಲೆ ಫ್ರಿಜ್‌ನಲ್ಲಿ ಕೂತ ಮೀಡಿಯಾದಲ್ಲಿ ಗ್ಲುಟಮಿನ್ ತಾನಾಗೇ ಒಡೆದು ಅಮೋನಿಯಾ ಆಗಿರುತ್ತೆ, ಅದೂ ಗಮನದಲ್ಲಿರಲಿ.

ರಕ್ತಕ್ಕೆ ಹತ್ತಿರವಾದ ಮೀಡಿಯಾ ಇಲ್ಲವೇ ಅಂತ ಕೇಳಬಹುದು. ಇದೆ. 2017ರಲ್ಲಿ ಅಮೆರಿಕದ ವೈಟ್‌ಹೆಡ್ ಸಂಸ್ಥೆಯಿಂದ ಮನುಷ್ಯನ ಪ್ಲಾಸ್ಮಾ ಹೋಲುವ ಮೀಡಿಯಾ ಬಂತು. ಅದನ್ನು ಕಟ್ಟಿದ ಜೇಸನ್ ಕ್ಯಾಂಟರ್ ಆಗ ಪೋಸ್ಟ್‌ಡಾಕ್, ಸ್ವಂತ ಲ್ಯಾಬ್ ಇರಲಿಲ್ಲ. ಅದರಲ್ಲಿ ಬೆಳೆಸಿದಾಗ ಕಂಡ ಒಂದು ವಿಷಯ ಕೇಳಿ. ನಮ್ಮ ರಕ್ತದಲ್ಲಿ ಯೂರಿಕ್ ಆಸಿಡ್ ಇರುತ್ತಲ್ಲ, ಜಾಸ್ತಿಯಾದರೆ ಕಾಲ್ಬೆರಳು ಊದುತ್ತಲ್ಲ, ಅದೇ, ಹಳೆಯ ಮೀಡಿಯಾಗಳಲ್ಲಿ ಇಲ್ಲವೇ ಇಲ್ಲ. ಅದು ಇದ್ದಾಗ ಕೋಶದ ಒಂದು ಕಿಣ್ವ ಮಂದವಾಗಿ, ಆಸ್ಪತ್ರೆಗಳಲ್ಲಿ ದಶಕಗಳಿಂದ ಕೊಡುತ್ತಿರುವ 5-ಫ್ಲೋರೋಯುರಾಸಿಲ್ ಔಷಧಕ್ಕೆ ಕೋಶಗಳು ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಇಲಿಯಲ್ಲಿ ನೋಡಿದ್ದರೂ ಇದು ಸುಲಭಕ್ಕೆ ಸಿಗುತ್ತಿರಲಿಲ್ಲ, ಯಾಕೆಂದರೆ ಇಲಿಗೆ ಯೂರಿಕ್ ಆಸಿಡ್ ಒಡೆಯುವ ಕಿಣ್ವ ಇದೆ, ಅದರ ರಕ್ತದಲ್ಲಿ ಅದು ನಮಗಿಂತ ತುಂಬಾ ಕಡಿಮೆ. ಈ ಮೀಡಿಯಾ ದುಬಾರಿ, ನಿಮ್ಮ ಗೈಡ್ ಕೊಡಿಸಲಾರರು. ಪರವಾಗಿಲ್ಲ. ಗ್ಲುಕೋಸ್ ಇಲ್ಲದ ಆರ್‌ಪಿಎಂಐ ತಂದು ಲೀಟರಿಗೆ 0.9 ಗ್ರಾಂ ಗ್ಲುಕೋಸ್ ನೀವೇ ಹಾಕಿ, 5 ಮಿಲಿಮೋಲಾರ್ ಆಯಿತು. ಊಟ ಕಡಿಮೆ ಇರೋದರಿಂದ ಬೇಗ ಬದಲಿಸಬೇಕು, ಭಾನುವಾರವೂ ಬರಬೇಕು. ನಿಜವಾದ ಖರ್ಚು ಅದೇ.

ಇನ್ನು ಮೂರು ವಿಷಯದ ಭಯ. ಅದು ಸುಳ್ಳು ಭಯ ಅಂತ ನಾನು ಹೇಳೋದಿಲ್ಲ. ಮೂರು ಮನೆಯ ನೆಂಟನ ಹಾಗೆ ಉಪವಾಸ ಬಿದ್ದವರನ್ನು ನೋಡಿದ್ದೇನೆ. ಇಮ್ಯುನಾಲಜಿ ಸೆಮಿನಾರ್‌ನಲ್ಲಿ "ಇವರು ಮೆಟಬಾಲಿಸಂನವರು" ಅಂತ, ಮೆಟಬಾಲಿಸಂನವರ ಕಡೆ ಹೋದರೆ "ಇವರು ಇಮ್ಯುನಾಲಜಿಯವರು" ಅಂತ ಅನಿಸಿಕೊಂಡು ಎಲ್ಲೂ ಕೂರಲು ಮಣೆ ಸಿಗೋದಿಲ್ಲ. ಅದಕ್ಕೆ ನನ್ನ ಸಲಹೆ, ಪ್ರಶ್ನೆ ಮೂರರದ್ದೂ ಇರಲಿ, ಕೈ ಮಾತ್ರ ಒಂದರದ್ದು ಇರಲಿ. ನಿಮ್ಮ ಪತ್ರ ನೋಡಿದರೆ ಟಿ ಕೋಶ ನಿಮಗೆ ಒಲಿಯುತ್ತೆ ಅನ್ನಿಸುತ್ತೆ. ಹಾಗಾದರೆ ಫ್ಲೋ ಸೈಟೋಮೆಟ್ರಿಯಲ್ಲಿ ಲ್ಯಾಬ್‌ನಲ್ಲಿ ಯಾರಿಗೇ ಅನುಮಾನ ಬಂದರೂ ನಿಮ್ಮ ಹತ್ತಿರ ಬರುವಷ್ಟು ಪಳಗಿ. ಗುರುತು ಹಚ್ಚಿದ ಕಾರ್ಬನ್-13 ಗ್ಲುಕೋಸ್ ಕೊಟ್ಟು ಮಾಸ್ ಸ್ಪೆಕ್‌ನಲ್ಲಿ ಹಿಂಬಾಲಿಸುವ ಕೆಲಸವನ್ನು ಅದರಲ್ಲಿ ಪಳಗಿದವರ ಜೊತೆ ಮಾಡಿ, ಬೆಂಗಳೂರಿನಲ್ಲಿದ್ದೀರಿ, ಜಿಕೆವಿಕೆ ಕ್ಯಾಂಪಸ್ಸಿನ ಸಿ-ಕ್ಯಾಂಪ್‌ನಂಥ ಕಡೆ ಮಾಸ್ ಸ್ಪೆಕ್ ಸೌಲಭ್ಯ ಇದೆ. ಆದರೆ ಸ್ಯಾಂಪಲ್ ತಯಾರಿ ನಿಮ್ಮದೇ ಕೈ. ಕೋಶದೊಳಗೆ ಎಟಿಪಿಯಂಥ ಅಣುಗಳು ಸೆಕೆಂಡುಗಳಲ್ಲಿ ತಿರುಗುತ್ತವೆ. ಪ್ಲೇಟ್ ಹಿಡಿದುಕೊಂಡು ಕಾರಿಡಾರ್‌ನಲ್ಲಿ ಯಾರೊಂದಿಗೋ ಎರಡು ಮಾತಾಡಿ ಬಂದರೆ ನೀವು ಅಳೆಯೋದು ಆ ಎರಡು ಮಾತಿನ ಚಯಾಪಚಯ. ತಣ್ಣಗಿನ ಮೆಥನಾಲ್ ಪಕ್ಕದಲ್ಲೇ ಇರಲಿ, ಬಾಯಿ ಮುಚ್ಚಿರಲಿ.

ಮೂರೂ ಸೇರಿದ ಜಾಗದಲ್ಲಿ ಚಿಕ್ಕವರಿಗೆ ಅವಕಾಶ ಇದೆ ಅನ್ನೋದಕ್ಕೆ ಒಂದು ಉದಾಹರಣೆ. 2015ರಲ್ಲಿ ಎರಡು ಗುಂಪುಗಳು ಒಂದೇ ಹೊತ್ತಿಗೆ ತೋರಿಸಿದವು, ಗಡ್ಡೆ ಗ್ಲುಕೋಸನ್ನೆಲ್ಲ ಬಾಚಿಕೊಂಡು ಟಿ ಕೋಶವನ್ನು ಉಪವಾಸ ಕೆಡವುತ್ತೆ ಅಂತ. ಒಳ್ಳೆಯ ಕೆಲಸ, ಸುಲಭಕ್ಕೆ ಅರ್ಥವಾಗುವ ಕಥೆ, ಎಲ್ಲರ ಸ್ಲೈಡ್‌ನಲ್ಲೂ ಬಂತು. 2021ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು, ಮೊದಲ ಹೆಸರು ಅಲ್ಲಿನ ವಿದ್ಯಾರ್ಥಿಗಳದ್ದು, ಒಂದು ಸರಳ ಕೆಲಸ ಮಾಡಿದರು. ಪೆಟ್ ಸ್ಕ್ಯಾನ್‌ಗೆ ಕೊಡುವ ವಿಕಿರಣ ಗ್ಲುಕೋಸನ್ನು ಗಡ್ಡೆ ಇರುವ ಇಲಿಗೆ ಕೊಟ್ಟು, ಗಡ್ಡೆ ತೆಗೆದು, ಕೋಶಗಳನ್ನು ಜಾತಿವಾರು ಬೇರೆ ಮಾಡಿ, ಒಂದೊಂದು ಜಾತಿಯಲ್ಲಿ ಎಷ್ಟಿದೆ ಅಂತ ಎಣಿಸಿದರು. ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ, ಅಷ್ಟರಲ್ಲಿ ಓಡಬೇಕು. ಕೋಶಕ್ಕೊಂದರಂತೆ ಲೆಕ್ಕ ಹಾಕಿದರೆ ಜಾಸ್ತಿ ಗ್ಲುಕೋಸ್ ತಿಂದದ್ದು ಕ್ಯಾನ್ಸರ್ ಕೋಶ ಅಲ್ಲ, ಗಡ್ಡೆಯೊಳಗೆ ಸೇರಿಕೊಂಡಿದ್ದ ಮೈಲಾಯ್ಡ್ ಕೋಶಗಳು, ಅಂದರೆ ರೋಗನಿರೋಧಕ ಪಡೆಯದೇ ಆದ ಮ್ಯಾಕ್ರೋಫೇಜ್ ಮತ್ತು ಅದರ ಬಳಗ. ಕ್ಯಾನ್ಸರ್ ಕೋಶಕ್ಕೆ ಹಸಿವು ಜಾಸ್ತಿ ಇದ್ದದ್ದು ಗ್ಲುಟಮಿನ್ ಮೇಲೆ. ನೂರು ವರ್ಷದಿಂದ "ಗಡ್ಡೆ ಗ್ಲುಕೋಸ್ ತಿನ್ನುತ್ತೆ" ಅಂತಿದ್ದೆವು. ಗಡ್ಡೆ ಅಂದರೆ ಒಂದು ಮನೆ, ಅದರಲ್ಲಿ ಯಾರು ತಿಂದರು ಅಂತ ಒಳಗೆ ಹೋಗಿ ಬಿಡಿಬಿಡಿಯಾಗಿ ಎಣಿಸಬೇಕಿತ್ತು. ಇದನ್ನು ಮಾಡಲು ಪೆಟ್ ಸ್ಕ್ಯಾನ್ ಗೊತ್ತಿರಬೇಕು, ಫ್ಲೋ ಗೊತ್ತಿರಬೇಕು, ಗಡ್ಡೆ ಬಿಡಿಸಲು ಬರಬೇಕು. ಹಾಗಾಗಿ ವಿಷಯ ಬದಲಿಸಬೇಡಿ, ಕನಿಷ್ಠ ಈ ಆರು ತಿಂಗಳ ಕಾರಣಕ್ಕೆ ಬದಲಿಸಬೇಡಿ.

ಗೈಡ್ ಮಾತು. ಕೈಗುಣ ಅನ್ನೋದು ನಾಟಿ ವೈದ್ಯರಿಗೆ ಇರಬಹುದು, ಲ್ಯಾಬ್‌ನಲ್ಲಿ ಅದನ್ನು ಕಾರಣ ಅಂತ ಒಪ್ಪಬಾರದು, ಬೇರೆಯವರು ಹೇಳಿದರೂ ನೀವೇ ಹೇಳಿಕೊಂಡರೂ. ಆದರೆ ಎದುರುತ್ತರ ಕೊಟ್ಟೂ ಪ್ರಯೋಜನ ಇಲ್ಲ. ಎರಡು ವಾರ ತೆಗೆದುಕೊಳ್ಳಿ, ಯಾರಿಗೂ ಹೇಳದೆ ಒಂದೇ ಪ್ರಯೋಗ ಮಾಡಿ. 2-ಡಿಜಿಯ ಒಂದೇ ಪ್ರಮಾಣ, ಗ್ಲುಕೋಸ್ ಮಾತ್ರ 5, 11, 25 ಮಿಲಿಮೋಲಾರ್, ಅದೇ ಸೀರಮ್, ಅದೇ ದಿನ, ಮೂರು ಬೇರೆ ಇಲಿಗಳಿಂದ ಮೂರು ಸಲ. 5ರಲ್ಲಿ ಪರಿಣಾಮ ಇದ್ದು 25ರಲ್ಲಿ ಇಲ್ಲದಿದ್ದರೆ ಆ ಒಂದು ಗ್ರಾಫ್ ತೆಗೆದುಕೊಂಡು ಗೈಡ್ ರೂಮಿಗೆ ಹೋಗಿ, "ಸರ್, ಸ್ಟಾಕ್ ಬದಲಾದಾಗ ಹೀಗಾಗಿದೆ" ಅನ್ನಿ, ಅಷ್ಟು ಸಾಕು. ಅವರಿಗೂ ಬೇಕಿರೋದು ಅದೇ, ಅವರದ್ದೂ ಗ್ರಾಂಟ್ ವರದಿ ಕಾಯುತ್ತಿರುತ್ತೆ. ನೀವು ಫೆಲೋಶಿಪ್ ಮೇಲಿದ್ದರೆ ಎರಡು ವರ್ಷ ಮುಗಿದಾಗ ಜೆಆರ್‌ಎಫ್‌ನಿಂದ ಎಸ್‌ಆರ್‌ಎಫ್‌ಗೆ ಏರಿಸುವ ಕಮಿಟಿ ಕೂರುತ್ತೆ, ತಿಂಗಳಿಗೆ 37,000 ಇದ್ದದ್ದು 42,000 ಆಗುತ್ತೆ, ಆಗ ಈ ಆರು ತಿಂಗಳ ಲೆಕ್ಕ ಕೇಳುತ್ತಾರೆ. "ಪ್ರಯೋಗ ಬರಲಿಲ್ಲ" ಅನ್ನೋದಕ್ಕೂ "ಗ್ಲುಕೋಸ್ ಪ್ರಮಾಣಕ್ಕೆ ತಕ್ಕ ಹಾಗೆ ಪರಿಣಾಮ ತಿರುಗುತ್ತೆ" ಅನ್ನೋದಕ್ಕೂ ಅವರ ಮುಖದಲ್ಲಿ ವ್ಯತ್ಯಾಸ ಕಾಣುತ್ತೆ. ಇಷ್ಟಾಗಿಯೂ ಮೂರರಲ್ಲೂ ಏನೂ ಬರದಿದ್ದರೆ ಮೊದಲ ಮೂರು ಸಲ ಬಂದದ್ದು ಎಂಟಿಟಿಯ ಆಟ ಅಂತ ಒಪ್ಪಿಕೊಳ್ಳಿ, ಬೇಗ ಒಪ್ಪಿಕೊಂಡಷ್ಟೂ ಒಳ್ಳೆಯದು.

ಮುಂದೆ ಇಲಿಗೆ ಹೋಗುತ್ತೀರಲ್ಲ, ಅದಕ್ಕೊಂದು ಎಚ್ಚರಿಕೆ. ಇಲಿಮನೆಯ ತಾಪಮಾನ ಬರೆದುಕೊಳ್ಳಿ. ಸಾಮಾನ್ಯವಾಗಿ 22 ಡಿಗ್ರಿ ಇಡುತ್ತಾರೆ, ನಮಗೆ ಹಿತ, ಇಲಿಗೆ ಚಳಿ. 2013ರಲ್ಲಿ ಅದೇ ರಾಸ್‌ವೆಲ್ ಪಾರ್ಕ್‌ನವರು ಇಲಿಗಳನ್ನು 30 ಡಿಗ್ರಿಯಲ್ಲಿ ಇಟ್ಟಾಗ ಅವುಗಳ ಟಿ ಕೋಶ ಚುರುಕಾಗಿ ಗಡ್ಡೆ ನಿಧಾನವಾಯಿತು. 2022ರಲ್ಲಿ ಸ್ವೀಡನ್ನಿನವರು ಉಲ್ಟಾ ಹೋಗಿ 4 ಡಿಗ್ರಿಯಲ್ಲಿ ಇಟ್ಟರು, ಆಗಲೂ ಗಡ್ಡೆ ನಿಧಾನವಾಯಿತು, ಯಾಕೆಂದರೆ ಮೈ ಬಿಸಿ ಮಾಡುವ ಕಂದು ಕೊಬ್ಬು ಗ್ಲುಕೋಸನ್ನು ಎಳೆದುಕೊಂಡಿತು. ಎರಡೂ ನಿಜ. ತಲೆ ಕೆಡಿಸಿಕೊಳ್ಳಬೇಡಿ, ಥರ್ಮಾಮೀಟರ್ ನೋಡಿ ಬರೆಯಿರಿ.

ಕೊನೆಗೆ ಚಿಕ್ಕಮ್ಮ. ಮನೆಯವರಿಗೆ ಹೀಗೆ ಹೇಳಿ. ಬಾಯಿಗೆ ಸಕ್ಕರೆ ಬಿಟ್ಟ ಮಾತ್ರಕ್ಕೆ ರಕ್ತದಲ್ಲಿ ಗ್ಲುಕೋಸ್ ಇಲ್ಲವಾಗೋದಿಲ್ಲ, ಲಿವರ್ ಮಾಡಿ ಹಾಕುತ್ತಲೇ ಇರುತ್ತೆ, ಇಲ್ಲದಿದ್ದರೆ ಏಕಾದಶಿ ಉಪವಾಸ ಮಾಡಿದವರೆಲ್ಲ ಬಿದ್ದುಹೋಗಬೇಕಿತ್ತು. ಗಡ್ಡೆಗೆ ಅದರ ಪಾಲು ಸಿಕ್ಕೇ ಸಿಗುತ್ತೆ, ಇಲ್ಲಿ ಸೊರಗೋದು ಚಿಕ್ಕಮ್ಮ. ಕೀಮೋ ನಡೆಯುವಾಗ ತೂಕ, ಮೈಯ ಮಾಂಸ ಇಳಿದರೆ ಚಿಕಿತ್ಸೆ ತಡೆದುಕೊಳ್ಳೋದೇ ಕಷ್ಟವಾಗುತ್ತೆ. ಇಲಿಯ ಪ್ರಯೋಗಗಳೂ ಒಂದೇ ಮಾತು ಹೇಳೋದಿಲ್ಲ. 2018ರ ಒಂದು ಕೆಲಸದಲ್ಲಿ ಪಿಐ3ಕೆ ಅನ್ನುವ ಕಿಣ್ವವನ್ನು ತಡೆಯುವ ಕ್ಯಾನ್ಸರ್ ಔಷಧದ ಜೊತೆ ಕೀಟೋ ಊಟ (ಸಕ್ಕರೆ, ಪಿಷ್ಟ ತೀರಾ ಕಡಿಮೆ, ಕೊಬ್ಬು ಜಾಸ್ತಿ) ಕೊಟ್ಟಾಗ ಔಷಧ ಚೆನ್ನಾಗಿ ಕೆಲಸ ಮಾಡಿತು, ಆ ಔಷಧ ಏರಿಸುವ ಇನ್ಸುಲಿನ್ನನ್ನು ಊಟ ಇಳಿಸಿತು ಅಂತ. ಅದೇ ಕೆಲಸದಲ್ಲಿ, ಔಷಧ ಇಲ್ಲದೆ ಬರೀ ಕೀಟೋ ಕೊಟ್ಟ ಲ್ಯುಕೇಮಿಯಾ ಇಲಿಗಳಲ್ಲಿ ರೋಗ ಜೋರಾಯಿತು. ಈ ಎರಡನೇ ವಾಕ್ಯ ವಾಟ್ಸಾಪ್‌ನಲ್ಲಿ ಬರೋದಿಲ್ಲ. ಅವರಿಗೆ ಡಯಾಬಿಟಿಸ್ ಇದ್ದರೆ ಶುಗರ್ ಹಿಡಿತದಲ್ಲಿರಲಿ, ಅದು ಬೇರೆ ವಿಷಯ, ಡಾಕ್ಟರ್ ಹೇಳುತ್ತಾರೆ. ಇಲ್ಲದಿದ್ದರೆ ರೊಟ್ಟಿ, ಬೇಳೆ, ಮೊಟ್ಟೆ, ಅವರಿಗೆ ಏನು ಇಳಿಯುತ್ತೋ ಅದು. ಚಹಾಕ್ಕೆ ಒಂದು ಚಮಚ ಸಕ್ಕರೆ ಹಾಕಿಕೊಂಡರೆ ಕಿತ್ತುಕೊಳ್ಳಬೇಡಿ.